ಹನ್ನೆರಡು ಚೀಲ ಉಪ್ಪಿನ ತೂಕ

ಅಹಮದಾಬಾದಿನಲ್ಲಿ ಹಿಮ ಬೀಳುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಸಿಕ್ಕಸಿಕ್ಕವರೆಲ್ಲ ನನಗೆ ಇದನ್ನೇ ಹೇಳಿದರು. ಹಿಮವನ್ನೇ ಕಾಣದ ಊರಿನಲ್ಲಿ ಕೂತು ಹಿಮ ತಳ್ಳುವ ಗಾಡಿಗೆ ಸಹಿ ಹಾಕಲು ನಿನಗೆ ಅದೆಷ್ಟು ಧೈರ್ಯ ಅಂತ. ಧೈರ್ಯ ಎಲ್ಲಿಂದ ಬರಬೇಕು ಮಾರಾಯರೆ? ಲೆಕ್ಕ ಇತ್ತು, ಅಷ್ಟೆ. ಲೆಕ್ಕ ಸರಿಯಾಗಿಯೇ ಇತ್ತು. ಇವತ್ತಿಗೂ ನನ್ನ ಹೊಟ್ಟೆ ಉರಿಸುವುದು ಅದೇ.

ಈ ಊರಿನ ವಟ್ವಾ ಎಂಬಲ್ಲಿನ ಒಂದು ವರ್ಕ್‌ಶಾಪಿನಲ್ಲಿ ನಾನು ಡಿಸೈನ್ ನೋಡಿಕೊಳ್ಳುತ್ತೇನೆ. ಟ್ರ್ಯಾಕ್ಟರಿಗೆ ಮಣ್ಣು ತಳ್ಳುವ ಬ್ಲೇಡು, ಟಿಪ್ಪರಿನ ಬಾಡಿ, ನೀರಿನ ಟ್ಯಾಂಕರು, ಇಂಥವು ನಮ್ಮ ಕೆಲಸ. ಒಂದು ಆಗಸ್ಟ್ ತಿಂಗಳ ಬೆಳಿಗ್ಗೆ ನಮ್ಮ ಗೇಟಿನೊಳಗೆ ಹೊಚ್ಚ ಹೊಸ ಬಿಳಿ ಪಿಕಪ್ ಬಂದು ನಿಂತಿತು. ಸೂರತ್ತಿನ ವಜ್ರದ ವ್ಯಾಪಾರಿಯೊಬ್ಬರು ಹಿಮಾಚಲದ ಎತ್ತರದ ಹಳ್ಳಿಯೊಂದರ ಧರ್ಮಾಸ್ಪತ್ರೆಗೆ ಅದನ್ನು ದಾನ ಕೊಟ್ಟಿದ್ದರು. ಆ ಆಸ್ಪತ್ರೆಯಿಂದ ದೊಡ್ಡ ರಸ್ತೆಗೆ ನಾಲ್ಕು ಕಿಲೋಮೀಟರ್ ಇಳಿಜಾರು ದಾರಿ. ಚಳಿಗಾಲದಲ್ಲಿ ಹಿಮ ಬಿದ್ದರೆ ದಾರಿ ಮುಚ್ಚಿಹೋಗುತ್ತದೆ, ರೋಗಿಗಳನ್ನು ಬೆನ್ನ ಮೇಲೆ ಹೊತ್ತು ತರುತ್ತಾರೆ. ಪಿಕಪ್ಪಿನ ಮೂತಿಗೆ ಒಂದು ಬ್ಲೇಡು ಕಟ್ಟಿಕೊಟ್ಟರೆ ಆಸ್ಪತ್ರೆಯವರೇ ದಾರಿ ತೆರವು ಮಾಡಿಕೊಳ್ಳಬಹುದು ಎಂಬುದು ದಾನಿಗಳ ಆಸೆ.

ಪಿಕಪ್ಪಿನ ಜೊತೆಗೆ ಆಸ್ಪತ್ರೆಯ ಡ್ರೈವರ್ ಕೂಡ ಬಂದಿದ್ದ. ಬ್ಲೇಡು ಏರಿಸಿ ಇಳಿಸುವುದನ್ನು ಕಲಿತು ತಾನೇ ಗಾಡಿ ಓಡಿಸಿಕೊಂಡು ಹೋಗಬೇಕಾದವನು. ನಲವತ್ತರ ಆಸುಪಾಸು, ಮಾತು ಕಡಿಮೆ. ನಮ್ಮ ಸೆಕೆಗೆ ಪಾಪ ಬೆಂದುಹೋಗಿದ್ದ. ಇಡೀ ದಿನ ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು ವರ್ಕ್‌ಶಾಪಿನ ಫ್ಯಾನಿನ ಕೆಳಗೆ ಕೂತಿರುತ್ತಿದ್ದ. ಆತನೂ ನಮ್ಮ ಮಾಲೀಕರಾದ ಸೇಠರೂ ಮಾತಾಡಿದ್ದು ಹಿಂದಿಯಲ್ಲಿ. ಅದನ್ನು ನನ್ನ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಸೇಠರು ನನ್ನ ಮುಂದೆ ಇಟ್ಟ ಪ್ರಶ್ನೆ ಒಂದೇ. ಈ ಗಾಡಿಗೆ ಹಿಮದ ಬ್ಲೇಡು ಕಟ್ಟಬಹುದೋ ಇಲ್ಲವೋ? ಉತ್ತರ ಕಾಗದದ ಮೇಲೆ, ನನ್ನ ಸಹಿಯೊಂದಿಗೆ ಬೇಕು. ಮೂರು ವಾರದಲ್ಲಿ, ಶ್ರಾದ್ಧಪಕ್ಷ ಶುರುವಾಗುವ ಮೊದಲು, ಸೂರತ್ತಿನಲ್ಲಿ ಹಸ್ತಾಂತರ ಆಗಲೇಬೇಕು. ಆ ಹದಿನೈದು ದಿನ ದಾನಿಗಳ ಮನೆಯಲ್ಲಿ ಹೊಸ ಗಾಡಿಯನ್ನು ಯಾರೂ ಮುಟ್ಟುವುದಿಲ್ಲ, ಅದು ಮುಗಿಯುವವರೆಗೆ ಕಾದರೆ ಮೇಲೆ ಹಿಮ ಶುರುವಾಗುತ್ತದೆ.

"ಮೂರು ವಾರ ಸಾಲಲ್ಲ ಸೇಠ್‌ಜೀ," ಎಂದೆ.

"ಥೈ ಜಶೆ," ಎಂದರು ಅವರು. ಆಗಿಹೋಗುತ್ತದೆ ಅಂತ. ಈ ಊರಿನಲ್ಲಿ ಇಪ್ಪತ್ತು ವರ್ಷದಿಂದ ಈ ಎರಡು ಶಬ್ದ ಕೇಳಿ ಕೇಳಿ ನನಗೆ ಸಾಕಾಗಿದೆ.

ಬ್ಲೇಡು ಕಟ್ಟುವುದು ದೊಡ್ಡ ಮಾತಲ್ಲ. ಯಾವ ವೆಲ್ಡರ್ ಬೇಕಾದರೂ ಕಟ್ಟಿಯಾನು. ಗಾಡಿಯ ಮುಂದಿನ ಅಚ್ಚು ಅದನ್ನು ಹೊರುತ್ತದೆಯೇ ಎಂಬುದು ಪ್ರಶ್ನೆ. ತಯಾರಕರು ಗಾಡಿಗೆ ಬಡಿದಿರುವ ವಿವರದ ತಗಡಿನ ಪ್ರಕಾರ ಈ ಪಿಕಪ್ಪಿನ ಮುಂದಿನ ಅಚ್ಚಿನ ಮೇಲೆ ಸಾವಿರದ ಮುನ್ನೂರು ಕಿಲೋಗಿಂತ ಹೆಚ್ಚು ಭಾರ ಕೂಡದು. ಡ್ರೈವರನ್ನು ಕೂರಿಸಿ, ಟ್ಯಾಂಕಿನ ತುಂಬ ಡೀಸೆಲ್ ಹಾಕಿಸಿ, ತೂಕದ ಕಾಟಾದ ಮೇಲೆ ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ನೋಡಿದೆವು. ಸಾವಿರದ ನೂರಾ ಇಪ್ಪತ್ತು. ಅಂದರೆ ನಮ್ಮ ಕೈಯಲ್ಲಿರುವುದು ನೂರಾ ಎಂಬತ್ತು ಕಿಲೋ. ಬ್ಲೇಡು ಚಕ್ರಕ್ಕಿಂತ ಒಂದು ಮೀಟರ್ ಮುಂದೆ ತೂಗುತ್ತದೆ. ಹಾಗಾಗಿ ಅದರ ತೂಕ ನೂರಾದರೆ ಅಚ್ಚಿನ ಮೇಲೆ ಬೀಳುವುದು ಸುಮಾರು ನೂರಾ ಮೂವತ್ತು ಮೂರು, ಹಿಂದಿನ ಚಕ್ರಗಳು ಅಷ್ಟರಮಟ್ಟಿಗೆ ಹಗುರ.

ಮೊದಲ ಬ್ಲೇಡನ್ನು ನಮ್ಮ ಹುಡುಗರು ಟ್ರ್ಯಾಕ್ಟರಿನ ಅಳತೆಯಲ್ಲೇ ಮಾಡಿದ್ದರು. ಎಂಟು ಮಿಲಿಮೀಟರ್ ತಗಡು, ಎತ್ತಲು ಹೈಡ್ರಾಲಿಕ್, ಎಲ್ಲ ಸೇರಿ ಇನ್ನೂರಾ ಅರವತ್ತು ಕಿಲೋ. ಕಾಟಾ ಸಾವಿರದ ನಾನೂರಾ ಅರವತ್ತೈದು ತೋರಿಸಿತು. ಪಿಕಪ್ಪಿನ ಮೂತಿ ನೆಲ ಮೂಸುತ್ತಿತ್ತು.

"ಸ್ಪ್ರಿಂಗಿಗೆ ಎರಡು ಕಮಾನುಪಟ್ಟಿ ಹೆಚ್ಚಿಗೆ ಹಾಕು ಭಾಯಿ, ಎದ್ದು ನಿಲ್ಲುತ್ತೆ," ಎಂದರು ಸೇಠರು.

ಇಲ್ಲಿನ ಚಾಳಿಯೇ ಇದು. ಹೊಸ ಪಿಕಪ್ ಕೊಂಡ ದಿನವೇ ಅದನ್ನು ಕಮಾನಿನವನ ಬಳಿಗೆ ಒಯ್ದು ಪಟ್ಟಿ ಸೇರಿಸುತ್ತಾರೆ, ಒಂದು ಟನ್ನಿನ ಗಾಡಿಯಲ್ಲಿ ಎರಡು ಟನ್ ಹೇರುತ್ತಾರೆ. ನನಗೆ ಮೈ ಉರಿದುಹೋಯಿತು. "ಮೂತಿ ಮೇಲೆದ್ದರೆ ಅಚ್ಚು ಗಟ್ಟಿಯಾಗತ್ತಾ ಸೇಠ್‌ಜೀ? ಬೇರಿಂಗು, ಬ್ರೇಕು, ಸ್ಟೀರಿಂಗು ಎಲ್ಲಾ ಹಳೇದೇ ಇರತ್ತೆ. ಇದು ಇಟ್ಟಿಗೆ ಹೊರೋ ಗಾಡಿ ಅಲ್ಲ, ಬೆಟ್ಟ ಇಳಿಯೋ ಗಾಡಿ," ಎಂದು ಎಲ್ಲರ ಮುಂದೆಯೇ ಕೂಗಾಡಿದೆ. ಸೇಠರು ಒಳ್ಳೆಯ ಮನುಷ್ಯ, ನಕ್ಕು ಸುಮ್ಮನಾದರು. ಆವತ್ತು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು, ಅದನ್ನೇಕೆ ಮುಚ್ಚಿಡಲಿ?

ಎರಡನೆಯ ಬ್ಲೇಡನ್ನು ನಾನೇ ಬರೆದೆ. ಐದು ಮಿಲಿಮೀಟರ್ ತಗಡು, ಹಿಂದೆ ಪಕ್ಕೆಲುಬಿನಂತೆ ಪಟ್ಟಿಗಳು, ಅಗಲ ಕಡಿಮೆ, ಹೈಡ್ರಾಲಿಕ್ ಬದಲು ಕರೆಂಟಿನ ವಿಂಚು. ನೂರಾ ತೊಂಬತ್ತು ಕಿಲೋಗೆ ಇಳಿಯಿತು. ಆದರೂ ಅಚ್ಚಿನ ಮೇಲೆ ಸಾವಿರದ ಮುನ್ನೂರಾ ಎಪ್ಪತ್ತೈದು, ಎಪ್ಪತ್ತೈದು ಕಿಲೋ ಹೆಚ್ಚು. ಇನ್ನೂ ತೆಳು ಮಾಡಿದರೆ ಕಲ್ಲು ಬಡಿದಾಗ ಹರಿದೇ ಹೋಗುತ್ತದೆ. ಉಳಿದ ದಾರಿ ಒಂದೇ, ಗಾಡಿಯ ಬಾಲದಲ್ಲಿ, ಹಿಂದಿನ ಚಕ್ರಗಳಿಗಿಂತಲೂ ಹಿಂದೆ, ಭಾರ ಇಡುವುದು. ಆಗ ಮೂತಿ ಹಗುರಾಗುತ್ತದೆ. ಲೆಕ್ಕ ಹಾಕಿದರೆ ಬಾಲಕ್ಕೆ ಮುನ್ನೂರು ಕಿಲೋ ಇಟ್ಟರೆ ಮುಂದಿನ ಅಚ್ಚಿನಿಂದ ತೊಂಬತ್ತು ಕಿಲೋ ಇಳಿಯುತ್ತದೆ. ಸಾವಿರದ ಇನ್ನೂರಾ ಎಂಬತ್ತೈದು. ಹದಿನೈದು ಕಿಲೋ ಉಳಿತಾಯ.

ಅಷ್ಟರಲ್ಲಿ ಬ್ಲೇಡನ್ನು ಯಾವುದರ ಮೇಲಾದರೂ ಓಡಿಸಿ ನೋಡಬೇಕಿತ್ತು. ಅಹಮದಾಬಾದಿನ ಮಳೆಗಾಲದಲ್ಲಿ ಹಿಮ ಎಲ್ಲಿಂದ ತರುವುದು? ನಮ್ಮ ಗೋಡೆಯ ಆಚೆಗೆ ಬಟ್ಟೆಯ ಬಣ್ಣ ಮಾಡುವ ಕಾರ್ಖಾನೆಯೊಂದಿದೆ. ನೀರಿನಿಂದ ಬಣ್ಣ ಬೇರ್ಪಡಿಸುವುದಕ್ಕೆ ಅವರು ಲಾರಿಗಟ್ಟಲೆ ಹರಳುಪ್ಪು ತರಿಸುತ್ತಾರೆ. ಅವರ ಅಂಗಳದಲ್ಲಿ ಉಪ್ಪಿನ ಗುಡ್ಡೆಯೇ ಇರುತ್ತದೆ, ಮಳೆಯಲ್ಲಿ ಕರಗಿ ಚರಂಡಿಗೆ ಹರಿದರೂ ಯಾರೂ ಕೇಳುವುದಿಲ್ಲ. ಆ ಗುಡ್ಡೆಯಿಂದ ಒಂದು ಮೂಲೆ ಕೇಳಿ ಪಡೆದು ನೆಲಕ್ಕೆ ಮೊಣಕಾಲೆತ್ತರ ಹರವಿಸಿದೆ.

ಡ್ರೈವರ್ ಬಂದು ಒದ್ದೆ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದ. "ಇದು ಮಾರ್ಚ್ ತಿಂಗಳ ಹಿಮ ಸಾಬ್. ಭಾರ. ಇದನ್ನು ತಳ್ಳಿದರೆ ಜನವರಿಯದು ತಳ್ಳೋದು ಕಷ್ಟ ಇಲ್ಲ," ಎಂದ. ಆಮೇಲೆ ಅಂಗೈ ನೆಕ್ಕಿದ. ಗುಡ್ಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಎಷ್ಟೊಂದು ಉಪ್ಪು ಸಾಬ್! ನಮ್ಮಲ್ಲಿ ದಾರಿ ಮುಚ್ಚೋ ಮೊದಲು ಎಲ್ಲರೂ ದನಕ್ಕೆ ಉಪ್ಪು ಕೂಡಿಟ್ಟುಕೊಳ್ತಾರೆ. ಒಣ ಹುಲ್ಲು ತಿಂದು ತಿಂದು ದನಗಳು ಉಪ್ಪಿಗೆ ಗೋಡೆ ನೆಕ್ಕುತ್ತವೆ," ಎಂದ.

"ಹೌದಾ?" ಎಂದೆ. ನನ್ನ ಕಣ್ಣು ಬ್ಲೇಡಿನ ಬೋಲ್ಟುಗಳ ಮೇಲಿತ್ತು.

ಮೊದಲ ಓಟದಲ್ಲೇ ಬೋಲ್ಟುಗಳು ಕತ್ತರಿಸಿಹೋದವು. ಉಪ್ಪಿನೊಳಗೆ ಹುದುಗಿದ್ದ ಕಲ್ಲಿಗೆ ಬ್ಲೇಡು ಬಡಿಯಿತು. ಬಡಿದರೆ ಸ್ಪ್ರಿಂಗು ಸಡಿಲಿ ಬ್ಲೇಡು ಮುಂದಕ್ಕೆ ಮಡಚಿಕೊಳ್ಳಬೇಕು, ಮಡಚಿಕೊಳ್ಳಲಿಲ್ಲ. ಹಿಡಿಕೆಯ ಚೌಕಟ್ಟು ಸೊಟ್ಟಗಾಯಿತು. ಇದೇ ಬೆಟ್ಟದ ದಾರಿಯಲ್ಲಾಗಿದ್ದರೆ? ಚೌಕಟ್ಟಿನಿಂದ ಗಾಡಿಯ ನಡುವಿನವರೆಗೆ ಎರಡು ಆನಿಕೆ ಕೊಟ್ಟು, ಅಷ್ಟೇ ತೂಕ ಬೇರೆಡೆ ಕಳೆದು, ಸ್ಪ್ರಿಂಗು ಬದಲಾಯಿಸಿ, ಬೇಕಂತಲೇ ಕಲ್ಲು ಹುಗಿದು ಹದಿನಾರು ಸಲ ಬಡಿಸಿದೆ. ಹದಿನಾರೂ ಸಲ ಮಡಚಿಕೊಂಡಿತು.

ಅಹಮದಾಬಾದಿನದೇ ಬೋಪಾಲ್ ಎಂಬ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ರಾಯರು ಮೈಸೂರಿನವರು. ಕೇಂದ್ರದ ಸಂಶೋಧನಾ ಸಂಸ್ಥೆಯಲ್ಲಿ ಯಂತ್ರಗಳ ಪರೀಕ್ಷೆ ಮಾಡಿ ನಿವೃತ್ತರಾದವರು. ಆ ಭಾನುವಾರ ಲೆಕ್ಕದ ಹಾಳೆಯನ್ನು ಅವರ ಮುಂದೆ ಹಿಡಿದೆ. ಕನ್ನಡಕ ಏರಿಸಿ ಸಾವಧಾನವಾಗಿ ನೋಡಿದರು.

"ಲೆಕ್ಕ ಚೆನ್ನಾಗಿದೆ ಕಣಯ್ಯ. ಎಲ್ಲೂ ಎಡವಿಲ್ಲ ನೀನು. ಆದ್ರೆ ಉಳಿದಿರೋದು ಬರೀ ಹದಿನೈದು ಕಿಲೋ. ಅದೂ ಹಿಂದಿನ ಮುನ್ನೂರು ಕಿಲೋ ಜಾಗ ಬಿಟ್ಟು ಕದಲದೇ ಇದ್ರೆ. ಅದನ್ನ ಕಾಯೋರು ಯಾರು?"

"ಬರೆದು ಕೊಡ್ತೀನಿ ರಾಯರೇ. ಷರತ್ತು ಹಾಕ್ತೀನಿ."

"ಬರಿ, ಬರಿ. ಬರೆದಿದ್ದನ್ನ ಓದೋರು ಇರ್ತಾರಾ ನೋಡ್ಕೋ," ಎಂದು ಹಾಳೆ ವಾಪಸು ಕೊಟ್ಟರು.

ಕೆಳಗಿಳಿದು ಬಂದು ಮತ್ತೆ ಅದೇ ಹಾಳೆ ಹರವಿಕೊಂಡು ಕೂತಿದ್ದಕ್ಕೆ ನಮ್ಮ ಮನೆಯಾಕೆ, ಹುಬ್ಬಳ್ಳಿಯವಳು, ಅಡುಗೆಮನೆಯಿಂದಲೇ ಕೇಳಿದಳು: "ಊಟಕ್ಕ ಬರ್ತೀರೋ, ಇಲ್ಲಾ ಆ ಕಾಗದಾನ ತಿಂತೀರೋ?" ನಾನು ನಕ್ಕೆ. ಆ ದಿನಗಳಲ್ಲಿ ಇನ್ನೂ ನಗು ಬರುತ್ತಿತ್ತು.

ಹಿಂದಿನ ಭಾರಕ್ಕೆ ನಾನು ಬರೆದಿದ್ದು ಕಬ್ಬಿಣದ ದಪ್ಪ ತಗಡುಗಳು, ಪಿಕಪ್ಪಿನ ತಳಕ್ಕೆ ತೂತು ಕೊರೆದು ಬೋಲ್ಟು ಹಾಕಿ ಬಿಗಿಯುವುದು. ಅದನ್ನು ಸೇಠರು ನೋಡಿದ್ದು ದಾನಿಗಳಿಗಾಗಿ ವಡೋದರದಲ್ಲಿ ಆಗಬೇಕಿದ್ದ ತಪಾಸಣೆಯ ಹಿಂದಿನ ದಿನ. "ಹೊಸ ಗಾಡಿಗೆ ತೂತಾ? ದಾನಿಗಳು ಒಪ್ಪಲ್ಲ ಭಾಯಿ," ಎಂದರು. ಹಾಗಾದರೆ ಬೋಲ್ಟಿಲ್ಲದೆ ಹಗ್ಗದಲ್ಲಿ ಬಿಗಿಯೋಣ ಎಂದೆ. ಅವರು ತಲೆ ಅಲ್ಲಾಡಿಸಿದರು. "ಬೋಲ್ಟಿಲ್ಲದ ಕಬ್ಬಿಣ ಗಾಡಿಯಲ್ಲಿ ಎಷ್ಟು ದಿನ ಇರತ್ತೆ? ಒಂದು ವಾರದಲ್ಲಿ ಯಾರೋ ಗುಜರಿಗೆ ಹಾಕ್ತಾರೆ." ಅದು ಸುಳ್ಳಲ್ಲ. ನಮ್ಮ ಗೇಟಿನ ಹೊರಗೆ ನಿಲ್ಲಿಸಿದ್ದ ಟ್ರೇಲರಿನಿಂದಲೇ ಎರಡು ಸಲ ತೂಕದ ಕಬ್ಬಿಣ ಮಾಯವಾಗಿತ್ತು.

"ಉಪ್ಪು ತುಂಬು," ಎಂದರು ಸೇಠರು. "ಇಪ್ಪತ್ತೈದು ಕಿಲೋದ ಹನ್ನೆರಡು ಚೀಲ. ಪಕ್ಕದಲ್ಲೇ ಇದೆ. ಉಪ್ಪನ್ನ ಯಾರು ಕದೀತಾರೆ?"

ನಾನು ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೀಲ ಹರಿದರೆ? ಎರಡು ಪದರ ಹಾಕೋಣ. ಮಳೆಗೆ ಕರಗಿದರೆ? ಒಳಗೆ ಪ್ಲಾಸ್ಟಿಕ್. ಜಾರಿದರೆ? ಮೇಲೆ ಬಲೆ ಹಾಕಿ ಬಿಗಿಯೋಣ. ಇಂಥ ಎಂಟು ಹತ್ತು ಪ್ರಶ್ನೆ ಕೇಳಿಕೊಂಡೆ, ಎಲ್ಲಕ್ಕೂ ಉತ್ತರ ಸಿಕ್ಕಿತು. ಕೊನೆಗೆ ಉಪಾಯ ಚೆನ್ನಾಗಿಯೇ ಇದೆ ಅನಿಸಿಬಿಟ್ಟಿತು. ಹತ್ತು ದಿನದ ಹಿಂದೆ ಅದೇ ಉಪ್ಪಿನ ಗುಡ್ಡೆಯ ಮುಂದೆ ನಿಂತು ಒಬ್ಬ ಮನುಷ್ಯ ಅಂಗೈ ನೆಕ್ಕಿದ್ದು ಮಾತ್ರ ನನಗೆ ನೆನಪಾಗಲಿಲ್ಲ. ಆಗಲಿ ಎಂದುಬಿಟ್ಟೆ.

ವಡೋದರದಲ್ಲಿ ದಾನಿಗಳು ಗೊತ್ತು ಮಾಡಿದ್ದ ತಪಾಸಕರು ಕಟ್ಟುನಿಟ್ಟಿನ ಮನುಷ್ಯ. ಗಾಡಿಯ ಅಡಿಗೆ ನುಸುಳಿ ಒಂದೊಂದೇ ಬೆಸುಗೆಗೆ ಸುತ್ತಿಗೆ ತಟ್ಟಿ ಕೇಳಿದರು. ಕಾಟಾದ ಮೇಲೆ ಮತ್ತೊಮ್ಮೆ ಹತ್ತಿಸಿದರು. ಸಾವಿರದ ಇನ್ನೂರಾ ಎಂಬತ್ತೈದು. ನನ್ನ ಲೆಕ್ಕದ ಮೇಲೇ ಬಂದು ನಿಂತಿತು.

"ಕಬ್ಬಿಣ ಯಾಕೆ ಹಾಕಲಿಲ್ಲ?" ಎಂದು ಚೀಲಗಳನ್ನು ತೋರಿಸಿ ಕೇಳಿದರು.

"ಉಪ್ಪನ್ನ ಯಾರು ಕದೀತಾರೆ ಸಾಹೇಬರೇ?" ಎಂದೆ. ಸೇಠರ ಮಾತನ್ನು ನನ್ನದೇ ಎಂಬಂತೆ ಹೇಳಿದೆ. ಅವರು ನಕ್ಕರು, ಸೇಠರು ನಕ್ಕರು, ನಾನೂ ನಕ್ಕೆ. ಡ್ರೈವರ್ ನಕ್ಕನೋ ಇಲ್ಲವೋ ನಾನು ನೋಡಲಿಲ್ಲ.

ವರದಿಯಲ್ಲಿ ಬರೆದೆ: ಈ ಕೆಳಗಿನ ಷರತ್ತುಗಳಿಗೆ ಒಳಪಟ್ಟು ವಾಹನವು ಯೋಗ್ಯವಾಗಿದೆ. ಒಂದು, ಗಾಡಿಯಲ್ಲಿ ಡ್ರೈವರ್ ಒಬ್ಬನೇ ಇರಬೇಕು. ಎರಡು, ಬ್ಲೇಡು ಎತ್ತಿರುವಾಗ ವೇಗ ಇಪ್ಪತ್ತು ದಾಟಕೂಡದು. ಮೂರು, ಪ್ರತಿದಿನ ಬೋಲ್ಟು ನೋಡಬೇಕು. ನಾಲ್ಕು, ಹಿಂಭಾಗದಲ್ಲಿ ಮುನ್ನೂರು ಕಿಲೋ ಭಾರ ಸದಾ ಇರಬೇಕು. ಇಂಗ್ಲಿಷಿನಲ್ಲಿ, ಚೆಂದದ ಅಕ್ಷರದಲ್ಲಿ. ಕೆಳಗೆ ನನ್ನ ಸಹಿ.

ಸೂರತ್ತಿನಲ್ಲಿ ದಾನಿಗಳ ಮನೆಯವರು ಬ್ಲೇಡಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದರು. ಹೊರಡುವ ಮುಂಚೆ ನಾನು ಡ್ರೈವರನ್ನು ಪಕ್ಕಕ್ಕೆ ಕರೆದು, "ಈ ಚೀಲ ತೆಗೀಬಾರದು. ತೆಗೆದರೆ ಮುಂದಿನ ಅಚ್ಚಿಗೆ ಭಾರ ಹೆಚ್ಚಾಗತ್ತೆ," ಎಂದೆ. "ಸರಿ ಸಾಬ್," ಎಂದು ಆತ ನನ್ನ ಕೈ ಮುಟ್ಟಿ ಹಣೆಗೆ ಒತ್ತಿಕೊಂಡ. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಬಾಲ ಹಗುರಾದ ಗಾಡಿ ಹೇಗೆ ತಿರುಗಿಬೀಳುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ನನ್ನ ತಲೆಯಲ್ಲಿದ್ದದ್ದು ಅಚ್ಚು, ಬರೀ ಅಚ್ಚು. ಹಾಳಾದ ಆ ಹದಿನೈದು ಕಿಲೋ!

ಡಿಸೆಂಬರಿನಲ್ಲಿ ಆತ ಫೋನಿಗೆ ವಿಡಿಯೋ ಕಳಿಸಿದ. ಬಿಳಿ ದಾರಿ, ನಮ್ಮ ಬ್ಲೇಡಿನ ಪಕ್ಕದಿಂದ ಮಗ್ಗುಲಿಗೆ ಸುರುಳಿಯಾಗಿ ಬೀಳುವ ಹಿಮ. ಆ ಸಲ ಹೆರಿಗೆಗೆ ಬಂದ ಇಬ್ಬರು ತೆರವಾದ ದಾರಿಯಲ್ಲಿ ಜೀಪಿನಲ್ಲೇ ಬಂದರಂತೆ, ಯಾರ ಬೆನ್ನ ಮೇಲೂ ಅಲ್ಲ. ವಿಡಿಯೋವನ್ನು ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ರಾಯರಿಗೂ ಮೇಲೆ ಹೋಗಿ ತೋರಿಸಿ ಬಂದೆ.

ಜನವರಿಯ ಕೊನೆಗೆ ಸೇಠರು ನನ್ನನ್ನು ಕ್ಯಾಬಿನ್ನಿಗೆ ಕರೆಸಿದರು. ಪಿಕಪ್ ಇಳಿಜಾರಿನಲ್ಲಿ ತಿರುಗಿ ಕಣಿವೆಗೆ ಉರುಳಿದೆ, ಡ್ರೈವರಿನ ಎಡಗಾಲು ಹೋಗಿದೆ ಎಂದರು. "ಬೆಸುಗೆ ಬಿಟ್ಟಿತಾ? ಅಚ್ಚು ಮುರೀತಾ?" ಎಂದು ಕೇಳಿದೆ.

"ನಿನ್ನದೇನೂ ಮುರಿದಿಲ್ಲ ಭಾಯಿ. ಹಿಂದೆ ಮೂರೇ ಚೀಲ ಇತ್ತಂತೆ. ಒಂಬತ್ತು ಹಂಚಿಬಿಟ್ಟಿದ್ದಾನೆ. ಆಸ್ಪತ್ರೆಯವರು ಗಾಡಿ ಯೋಗ್ಯ ಇತ್ತೋ ಇಲ್ಲವೋ ಅಂತ ಕಾಗದ ಬರೆದು ಕೇಳಿದ್ದಾರೆ. ನಿನ್ನ ವರದಿ ಕಳಿಸಿದೆ. ನಾಲ್ಕನೇ ಷರತ್ತಿನ ಕೆಳಗೆ ಗೆರೆ ಎಳೆದು ಕಳಿಸಿದೆ."

ಒಂಬತ್ತು ಚೀಲ. ಆ ವರ್ಷ ಕೆಳಗಿನ ದೊಡ್ಡ ರಸ್ತೆಯೇ ಬೇಗ ಮುಚ್ಚಿತ್ತು, ಮೇಲಕ್ಕೆ ಏನೂ ಬಂದಿರಲಿಲ್ಲ. ಮನೆಮನೆಯಲ್ಲಿ ದನದ ಉಪ್ಪು ಮುಗಿದಿತ್ತು. ಅದರ ನಡುವೆ ಒಬ್ಬನ ಗಾಡಿಯಲ್ಲಿ ಬಲೆಯ ಕೆಳಗೆ ಹನ್ನೆರಡು ಚೀಲ ಉಪ್ಪು ದಿನವೂ ಊರ ಮುಂದೆ ಹೋಗಿ ಬರುತ್ತಿತ್ತು. ಕೇಳದೆ ಇರುತ್ತಾರೆಯೇ ಜನ? ಕೇಳಿದರೆ ಕೊಡದೆ ಇರುವುದಕ್ಕೆ ಆತನೇನು ಕಲ್ಲೇ?

ಹದಿನೈದು ದಿನದಲ್ಲಿ ಆಸ್ಪತ್ರೆಯವರ ತೀರ್ಮಾನ ಬಂತು. ಷರತ್ತು ಮುರಿದದ್ದು ಡ್ರೈವರ್, ತಪ್ಪು ಡ್ರೈವರಿನದು, ಕೆಲಸದಿಂದ ತೆಗೆಯಲಾಗಿದೆ. ಸೇಠರು ನಿಟ್ಟುಸಿರು ಬಿಟ್ಟರು. ನಾನು ಎದ್ದು ಮನೆಗೆ ಹೊರಟೆ.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅಂಗೈ ನೆಕ್ಕಿದ್ದನ್ನೂ. ನಮ್ಮಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಅಂದ್ರ ಆತ ನಿಮಗ ಮೊದಲ ಹೇಳಿದ್ದಾ."

"ಹೂಂ."

"ನೀವು ಕೇಳಿದ್ರಿ. ಕೇಳಿ ಮರತ್ರಿ."

"ಹೂಂ."

ಮತ್ತೆ ರೊಟ್ಟಿ ಬಡಿಯತೊಡಗಿದಳು ಅವಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಆಸ್ಪತ್ರೆಯವರಿಗೆ ಕಾಗದ ಬರೆದೆ. ಭಾರಕ್ಕೆ ಉಪ್ಪನ್ನು ಒಪ್ಪಿಕೊಂಡವನು ನಾನು. ನಿಮ್ಮ ಊರಿನಲ್ಲಿ ಚಳಿಗಾಲಕ್ಕೆ ಉಪ್ಪು ಎಷ್ಟು ಬೇಕಾಗುತ್ತದೆ ಎಂದು ಡ್ರೈವರ್ ನನಗೆ ಮುಂಚೆಯೇ ಹೇಳಿದ್ದ. ಚೀಲ ತೆಗೆದರೆ ಗಾಡಿ ಇಳಿಜಾರಿನಲ್ಲಿ ತಿರುಗುತ್ತದೆ ಎಂದು ನಾನು ಆತನಿಗೆ ಹೇಳಿರಲಿಲ್ಲ. ಆದ್ದರಿಂದ ವಾಹನ ಯೋಗ್ಯವೆಂದು ಕೊಟ್ಟ ನನ್ನ ವರದಿ ತಪ್ಪು. ಇಷ್ಟೇ.

ಸೇಠರು ಓದಿ ಮೇಜಿನ ಮೇಲಿಟ್ಟರು. "ನಮ್ಮ ಕಂಪನಿಯ ಕಾಗದದಲ್ಲಿ ಇದು ಹೋಗಲ್ಲ ಭಾಯಿ. ಪಾರಾಗಿದ್ದೀವಿ, ಮತ್ತೆ ಯಾಕೆ ಕೈ ಹಾಕ್ತೀಯ?" ಎಂದರು. ನನ್ನ ಹೆಸರಿನಲ್ಲಿ, ನನ್ನ ಮನೆಯ ವಿಳಾಸದಿಂದ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೊಂದು ಕಳಿಸಿದೆ, ಅದಕ್ಕೂ ಬರಲಿಲ್ಲ. ನಾಲ್ಕನೆಯ ಷರತ್ತು ಸ್ಪಷ್ಟವಾಗಿತ್ತು, ನಾನೇ ಅಷ್ಟು ಸ್ಪಷ್ಟವಾಗಿ ಬರೆದಿದ್ದೆ. ಅದರ ಮುಂದೆ ನನ್ನ ಈ ಗೋಳನ್ನು ಯಾರು ಓದುತ್ತಾರೆ?

ಡ್ರೈವರಿಗೆ ಫೋನ್ ಮಾಡಲು ಏಪ್ರಿಲ್ ಆಯಿತು. ನಂಬರು ಒತ್ತುವುದು, ಕಟ್ ಮಾಡುವುದು, ಹೀಗೇ ಎರಡು ತಿಂಗಳು. ಕೊನೆಗೊಂದು ಮಧ್ಯಾಹ್ನ ಉಪ್ಪಿನ ಗುಡ್ಡೆಯ ಗೋಡೆಗೆ ಒರಗಿ ನಿಂತು ಮಾಡಿದೆ. ಆತನೇ ಎತ್ತಿದ.

"ತಪ್ಪಾಯ್ತು ಸಾಬ್," ಎಂದ, ನಾನು ಬಾಯಿ ಬಿಡುವ ಮೊದಲೇ. "ನೀವು ತೆಗೀಬೇಡ ಅಂದಿದ್ರಿ. ಮೊದಲು ಒಂದೇ ಚೀಲ ಕೊಟ್ಟೆ. ಗಾಡಿ ಏನೂ ಅನ್ನಲಿಲ್ಲ. ಇನ್ನೊಂದು ಕೊಟ್ಟೆ. ಆಗಲೂ ಅಚ್ಚು ಚೆನ್ನಾಗೇ ಇತ್ತು. ದಿನಾ ಬಗ್ಗಿ ನೋಡ್ತಿದ್ದೆ ಸಾಬ್, ನೀವು ಹೇಳಿದ ಹಾಗೆ. ಅಚ್ಚು ಮುರೀಲೇ ಇಲ್ಲ."

"ತಪ್ಪು ನಿಮ್ಮದಲ್ಲ," ಎಂದೆ. "ನಂದು. ಕಾಗದ ಬರೆದಿದ್ದೀನಿ, ಎರಡು ಸಲ."

ಆ ಕಡೆ ಎಲ್ಲೋ ದನದ ಗಂಟೆಯ ಸದ್ದು ಕೇಳುತ್ತಿತ್ತು. ಈಗ ದಾರಿ ಯಾರು ತೆರವು ಮಾಡ್ತಾರೆ ಎಂದು ಕೇಳಿದೆ. ಸನಿಕೆ ಹಿಡಿದು ಊರವರೇ ಎಂದ. ಆಮೇಲೆ ನನಗೇ ಬುದ್ಧಿ ಹೇಳುವವನ ಹಾಗೆ, ನಿಧಾನವಾಗಿ, ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದ:

"ಇನ್ನೊಂದು ಗಾಡಿ ಮಾಡಿದರೆ ಕಬ್ಬಿಣ ಹಾಕಿ ಸಾಬ್. ಇಲ್ಲಿ ಕಬ್ಬಿಣಾನ ಯಾರೂ ಕೇಳಲ್ಲ."